ಶಿಬಿರದಲ್ಲಿ ಮಳಿಗೆ ಕೊಡುವ ಮುಂಚೆ ನನ್ನ ತಮ್ಮನ ಕಥೆ ಕೇಳಿ

ಮುಂಬೈ, ಠಾಣೆ, ಡೊಂಬಿವಲಿ, ನವಿ ಮುಂಬೈ ಮತ್ತು ಪುಣೆಯ ಎಲ್ಲ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಸಮಿತಿಯ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು 19 ವರ್ಷದಿಂದ ಡೊಂಬಿವಲಿಯಲ್ಲಿ ಇದ್ದೇನೆ. ಊರು ಕುಂದಾಪುರದ ಕಡೆ. ನಿಮ್ಮಲ್ಲಿ ಕೆಲವರಿಗೆ ನನ್ನ ಮುಖ ಗೊತ್ತಿರಬಹುದು, ವಾರ್ಷಿಕೋತ್ಸವದ ದಿನ ಊಟದ ಕೂಪನ್ ಹರಿದು ಕೊಡುವ ಮೇಜಿನ ಹಿಂದೆ ನಾನೂ ಕೂರುತ್ತೇನೆ. ಸಂಘದ ಋಣ ನಮ್ಮ ಮನೆಯ ಮೇಲೆ ದೊಡ್ಡದಿದೆ. ನನ್ನ ತಮ್ಮ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಹತ್ತನೇ ಕ್ಲಾಸ್ ಪಾಸಾದದ್ದು ನಮ್ಮ ಹಿರಿಯರು ಕಟ್ಟಿಕೊಟ್ಟ ವ್ಯವಸ್ಥೆಯಿಂದ. ಹಾಗಾಗಿ ಈ ಪತ್ರ ಬರೆಯಲು ನನಗೆ ಎಂಟು ತಿಂಗಳು ಹಿಡಿಯಿತು. ನವೆಂಬರ್ 17 ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪಸ್ಮಾರ ದಿನ. ಅಪಸ್ಮಾರ ಅಂದರೆ ನಾವು ಫಿಟ್ಸ್ ಅನ್ನುವ ಕಾಯಿಲೆ, ನನ್ನ ತಮ್ಮನಿಗೆ ಇರುವುದು ಅದೇ. ಇನ್ನೂ ಮುಂದೂಡುವುದು ಬೇಡ ಅನ್ನಿಸಿತು.

ಕಳೆದ ಜನವರಿಯಲ್ಲಿ ನಾನು ಸದಸ್ಯೆಯಾಗಿರುವ ಸಂಘದ ಆರೋಗ್ಯ ಶಿಬಿರ ಇತ್ತು. ಬಿಪಿ, ಶುಗರ್, ಕಣ್ಣು, ಹಲ್ಲು, ಎಲ್ಲ ಪ್ರತಿ ವರ್ಷದಂತೆಯೇ. ಬಾಗಿಲ ಹತ್ತಿರ ಈ ಸಲ ಒಂದು ಹೊಸ ಮಳಿಗೆ. "ಫಿಟ್ಸ್, ಪಾರ್ಶ್ವವಾಯು, ತಲೆನೋವು: ಆಪರೇಷನ್ ಇಲ್ಲ, ಮಾತ್ರೆ ಇಲ್ಲ, ಮ್ಯಾಗ್ನೆಟ್ ಚಿಕಿತ್ಸೆ" ಎಂದು ಬ್ಯಾನರ್ ಹಾಕಿದ್ದರು. ಅದರ ಕೆಳಗೆ ಸಂಘದ ಹೆಸರೂ ಇತ್ತು, ಸಹಯೋಗ ಅಂತ. ಅದೇ ಮಾತುಗಳಿದ್ದ ಒಂದು ಕಾಗದ ಮರುದಿನ ಸಂಘದ ವಾಟ್ಸಾಪ್ ಗುಂಪಿನಲ್ಲೂ ಬಂತು. ಕಳಿಸಿದವರು ಸಮಿತಿಯ ಹಿರಿಯರೊಬ್ಬರು. ಒಳ್ಳೆಯದಾಗಲಿ ಅಂತಲೇ ಕಳಿಸಿದ್ದಾರೆ, ಅದರಲ್ಲಿ ನನಗೆ ಸಂಶಯ ಇಲ್ಲ.

ಬೇರೆ ಯಾರಾದರೂ ಕೊಟ್ಟಿದ್ದರೆ ನಾನು ಆ ಕಾಗದವನ್ನು ಮಡಚಿ ಎಸೆಯುತ್ತಿದ್ದೆ. ಸಂಘದ ಹೆಸರು ನೋಡಿ ನಂಬಿದೆ.

ತಮ್ಮನ ವಿಷಯ ಮೊದಲಿಂದ ಹೇಳುತ್ತೇನೆ. ಎರಡು ವರ್ಷದ ಮಗುವಾಗಿದ್ದಾಗ ಅವನಿಗೆ ಜೋರು ಜ್ವರ ಬಂದು ತುಂಬ ಹೊತ್ತು ಫಿಟ್ಸ್ ಬಂದಿತ್ತು. ಆಮೇಲೆ ಸರಿಹೋಯಿತು, ನಾವೂ ಮರೆತೆವು. 16ನೇ ವಯಸ್ಸಿಗೆ ಮುಂಬೈಗೆ ಬಂದು ಹೋಟೆಲು ಸೇರಿದ. ಮೊದಲು ಪಾತ್ರೆ ತೊಳೆಯುವ ಮೋರಿಯಲ್ಲಿ ತಟ್ಟೆ ತೊಳೆದ, ಆಮೇಲೆ ದೋಸೆ ಕಾವಲಿಯ ಮುಂದೆ ನಿಂತ. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು, ರಾತ್ರಿ ಶಾಲೆ ಮುಗಿಸಿ ಮಲಗುವಾಗ ಹನ್ನೊಂದೂವರೆ ಆಗುತ್ತಿತ್ತು. 17ಕ್ಕೆ ಒಂದು ದಿನ ದೋಸೆ ಹುಯ್ಯುತ್ತಾ ನಿಂತವನು ಕೈಯಲ್ಲಿ ಹಿಟ್ಟಿನ ಪಾತ್ರೆ ಹಿಡಿದುಕೊಂಡೇ ಸ್ತಬ್ಧನಾದ. ತುಟಿ ಚಪ್ಪರಿಸುತ್ತಿದ್ದನಂತೆ, ಕರೆದರೆ ಕೇಳಲಿಲ್ಲವಂತೆ. ಆಮೇಲೆ ಬಿದ್ದ. ಬಲಗೈ ಕಾವಲಿಯ ಮೇಲೆಯೇ ಬಿತ್ತು. ಆ ಕಲೆ ಈಗಲೂ ಇದೆ.

ಧಣಿಗಳು ಕೆಟ್ಟವರೇನೂ ಅಲ್ಲ. ಆಸ್ಪತ್ರೆ ಖರ್ಚು ಕೊಟ್ಟರು, ಎರಡು ತಿಂಗಳ ಸಂಬಳ ಕೊಟ್ಟರು, ಬಸ್ಸಿನ ಟಿಕೆಟ್ ತೆಗೆಸಿ ಊರಿಗೆ ಕಳಿಸಿದರು. ಮತ್ತೆ ಬರಬೇಡ ಅಂದರು. ಊರಲ್ಲಿ ಅಮ್ಮ ಪ್ರಶ್ನೆ ಕೇಳಿಸಿದಳು, ದರ್ಶನದಲ್ಲಿ ನಿಂತು ಅತ್ತಳು, ಹರಕೆ ಹೊತ್ತಳು. ಅಮ್ಮನ ನಂಬಿಕೆಯನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಡಾಕ್ಟರ ಹತ್ತಿರ ಹೋಗದೆ ಒಂದೂವರೆ ವರ್ಷ ಹಾಗೇ ಕಳೆಯಿತು. ಅಷ್ಟರಲ್ಲಿ ಎಷ್ಟು ಸಲ ಬಿದ್ದನೋ ಲೆಕ್ಕ ಇಟ್ಟವರಿಲ್ಲ.

ನಾನೇ ಹೋಗಿ ಮುಂಬೈಗೆ ಕರೆದುಕೊಂಡು ಬಂದೆ. ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಿ, ಬೆಳಿಗ್ಗೆ ಆರಕ್ಕೇ ಸಾಲು ನಿಂತು, ನರರೋಗದ ಡಾಕ್ಟರಿಗೆ ತೋರಿಸಿದೆವು. ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಮಾಡಿದರು, ಎಂಆರ್‌ಐ ಮಾಡಿದರು. ತಲೆಯ ಬಲಗಡೆ, ಕಿವಿಯ ಒಳಭಾಗಕ್ಕೆ, ಮೆದುಳಿನ ಆಳದಲ್ಲಿ ಒಂದು ಸಣ್ಣ ಗಾಯದ ಗುರುತು ಇದೆ, ಅಲ್ಲಿಂದ ಶುರುವಾಗುತ್ತದೆ ಅಂದರು. ಚಿಕ್ಕಂದಿನ ಆ ಉದ್ದದ ಫಿಟ್ಸಿಗೂ ಇದಕ್ಕೂ ಸಂಬಂಧ ಇರಬಹುದು ಎಂದೂ ಹೇಳಿದರು.

ಇಲ್ಲಿ ಒಂದು ನಿಮಿಷ ನಿಂತು ಈ ಕಾಯಿಲೆ ಏನು ಅಂತ ಹೇಳಬೇಕು, ಯಾಕೆಂದರೆ ನನಗೇ ಎಷ್ಟೋ ವರ್ಷ ಗೊತ್ತಿರಲಿಲ್ಲ. ಮೆದುಳಿನ ಕೋಶಗಳು ಸಣ್ಣ ಸಣ್ಣ ವಿದ್ಯುತ್ತಿನಿಂದ ಒಂದಕ್ಕೊಂದು ಮಾತಾಡುತ್ತವೆ. ಬೆಳಿಗ್ಗೆ ಎಂಟು ಗಂಟೆಯ ಹೋಟೆಲನ್ನು ನೆನೆಸಿಕೊಳ್ಳಿ. ಒಬ್ಬ ಎರಡು ಇಡ್ಲಿ ಅನ್ನುತ್ತಾನೆ, ಇನ್ನೊಬ್ಬ ಮಸಾಲೆ ಅನ್ನುತ್ತಾನೆ, ಗದ್ದಲ ಇದ್ದರೂ ಒಳಗಿನವರಿಗೆ ಒಂದೊಂದೂ ಕೇಳುತ್ತದೆ. ಎಲ್ಲ ಸಪ್ಲೈಯರುಗಳೂ ಒಂದೇ ಉಸಿರಿನಲ್ಲಿ ಒಂದೇ ಮಾತನ್ನು ಕಿರುಚುತ್ತಲೇ ಇದ್ದರೆ ಒಳಗೆ ಕೆಲಸ ನಿಂತುಹೋಗುತ್ತದೆ, ಅಲ್ವಾ? ಫಿಟ್ಸ್ ಬರುವಾಗ ಮೆದುಳಿನಲ್ಲಿ ಹಾಗೆ ಆಗುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಆದರೆ ಮನುಷ್ಯ ಸುಮ್ನೆ ದಿಟ್ಟಿಸುತ್ತಾನೆ, ಬಟ್ಟೆ ಎಳೆದುಕೊಳ್ಳುತ್ತಾನೆ, ಏನೋ ಸುಟ್ಟ ವಾಸನೆ ಬಂತು ಅನ್ನುತ್ತಾನೆ. ಇಡೀ ಮೆದುಳಿಗೆ ಹರಡಿದರೆ ಬೀಳುತ್ತಾನೆ, ಕೈಕಾಲು ಅದುರುತ್ತವೆ. ಕ್ಲಾಸಿನಲ್ಲಿ ಪದೇ ಪದೇ ಕೆಲವು ಸೆಕೆಂಡು ಕಣ್ಣು ನೆಟ್ಟು ಕೂರುವ ಮಗುವಿಗೆ ಟೀಚರು ಬೈಯುತ್ತಾರೆ, ಅದೂ ಫಿಟ್ಸ್ ಆಗಿರಬಹುದು.

ಇದು ಅಂಟುವುದಿಲ್ಲ. ಇದು ಹುಚ್ಚಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಇದು ಇದೆ. ಸರಿಯಾದ ಮಾತ್ರೆ ಸಿಕ್ಕರೆ 100ರಲ್ಲಿ 70 ಜನರವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ಅದೇ ಸಂಸ್ಥೆ ಹೇಳುತ್ತದೆ. ಮಾತ್ರೆಗಳಲ್ಲಿ ಹಳೆಯವು ತೀರಾ ದುಬಾರಿಯೂ ಅಲ್ಲ.

ನನ್ನ ತಮ್ಮ ಉಳಿದ 30ರಲ್ಲಿ ಒಬ್ಬ. ಒಂದು ಮಾತ್ರೆ ಹಿಡಿಯಲಿಲ್ಲ, ಎರಡನೆಯದು ಸೇರಿಸಿದರು, ಕಡಿಮೆಯಾಯಿತು, ನಿಲ್ಲಲಿಲ್ಲ. ತಿಂಗಳಿಗೆ ಎರಡು ಮೂರು ಸಲ ಬರುತ್ತಿತ್ತು. ಸರಿಯಾಗಿ ಆರಿಸಿದ ಎರಡು ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಅಪಸ್ಮಾರ ಅನ್ನುತ್ತಾರೆ. ಮೂರನೇ ನಾಲ್ಕನೇ ಮಾತ್ರೆಯಿಂದ ಪೂರ್ತಿ ನಿಲ್ಲುವ ಸಾಧ್ಯತೆ ತೀರಾ ಕಡಿಮೆ. ಡಾಕ್ಟರು ಆಪರೇಷನ್ ಬಗ್ಗೆ ಯೋಚಿಸಿ ಅಂದರು. ತಲೆಬುರುಡೆ ತೆರೆಯುವ ಮಾತು ಕೇಳಿ ನಾವು ಎದ್ದು ಬಂದುಬಿಟ್ಟೆವು. ಎರಡು ವರ್ಷ ಆ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಅಂಥ ಹೊತ್ತಿನಲ್ಲಿ ನಿಮ್ಮ ಶಿಬಿರದ ಬ್ಯಾನರ್ ಕಣ್ಣಿಗೆ ಬಿತ್ತು. ಆಪರೇಷನ್ ಇಲ್ಲ. ಮಾತ್ರೆ ಇಲ್ಲ. ನನ್ನ ಕಣ್ಣಲ್ಲಿ ನೀರೇ ಬಂತು, ನಿಜ ಹೇಳುತ್ತೇನೆ.

ಮಳಿಗೆಯವರ ಕೇಂದ್ರದಲ್ಲಿ 20 ಸಿಟ್ಟಿಂಗ್, 60,000 ರೂಪಾಯಿ. ಭಿಶಿಯ, ಅಂದರೆ ಚೀಟಿಯ ದುಡ್ಡು ಎತ್ತಿ ಕಟ್ಟಿದೆ. ಕುರ್ಚಿಯಲ್ಲಿ ಕೂರಿಸಿ ತಲೆಯ ಮೇಲೆ ಎಂಟರ ಆಕಾರದ ಒಂದು ಸುರುಳಿ ಹಿಡಿಯುತ್ತಿದ್ದರು, ಟಕ್ ಟಕ್ ಅಂತ ಶಬ್ದ ಬರುತ್ತಿತ್ತು. ನೋವು ಇಲ್ಲ, ಹೆಚ್ಚೆಂದರೆ ಸ್ವಲ್ಪ ತಲೆನೋವು ಅನ್ನುತ್ತಿದ್ದ. ಹಳೆಯ ಎಂಆರ್‌ಐ ಕೇಳಿದವರಿಲ್ಲ. ನರರೋಗದ ಡಾಕ್ಟರನ್ನು ಅಲ್ಲಿ ನಾವು ಒಂದು ದಿನವೂ ನೋಡಲಿಲ್ಲ. 12ನೇ ದಿನ ಅಲ್ಲಿದ್ದವರು, ಈಗ ಮೆದುಳು ಶಾಂತವಾಗಿದೆ, ಮಾತ್ರೆ ಅರ್ಧ ಮಾಡಿ, ಮುಂದಿನ ವಾರ ನಿಲ್ಲಿಸಿ ಅಂದರು. ಯಾವ ಕಾಗದದ ಮೇಲೂ ಬರೆದು ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಆ ಒಂದು ಮಾತು ಕೇಳದೆ ಇದ್ದದ್ದು ನನ್ನನ್ನು ಈಗಲೂ ರಾತ್ರಿ ಎಬ್ಬಿಸುತ್ತದೆ.

ಮಾತ್ರೆ ನಿಲ್ಲಿಸಿದ ನಾಲ್ಕನೇ ರಾತ್ರಿ, ಮಾರ್ಚ್ ಕೊನೆಯ ವಾರ, ಎರಡೂವರೆಗೆ ಶುರುವಾಯಿತು. ಒಂದು ಫಿಟ್ಸ್ ಮುಗಿದು ಪ್ರಜ್ಞೆ ಬರುವ ಮುಂಚೆಯೇ ಇನ್ನೊಂದು, ಅದರ ಬೆನ್ನಿಗೇ ಮೂರನೆಯದು. 108ಕ್ಕೆ ಫೋನ್ ಮಾಡಿದೆವು. ನಾಲ್ಕನೇ ಮಹಡಿಯಿಂದ ಅಕ್ಕಪಕ್ಕದವರು ಬೆಡ್‌ಶೀಟಿನಲ್ಲಿ ಹೊತ್ತು ಇಳಿಸಿದರು. ಲಿಫ್ಟ್ ಇಲ್ಲದ ಕಟ್ಟಡ ನಮ್ಮದು. ಎರಡು ದಿನ ಐಸಿಯು, ಉಸಿರಿಗೆ ಯಂತ್ರ. ನಾಲ್ಕನೇ ದಿನ ಕಣ್ಣು ಬಿಟ್ಟು ನನ್ನನ್ನು ನೋಡಿ, "ಅಕ್ಕಾ, ಇವತ್ತು ಡ್ಯೂಟಿಗೆ ಲೇಟಾಯ್ತು" ಅಂದ.

ಬದುಕಿದ. ಅದರ ಮುಂದೆ ಬೇರೆ ಎಲ್ಲ ಸಣ್ಣದು. ಆದರೆ ಆ ವಾರಕ್ಕೂ ಹಿಂದಿನ ಎರಡು ತಿಂಗಳಿನ ಎಷ್ಟೋ ಸಂಗತಿ ಅವನಿಗೆ ಇವತ್ತಿಗೂ ನೆನಪಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ನಮಗೆ ಬೈಯಬಹುದಿತ್ತು. ಬೈಯಲಿಲ್ಲ. ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕೂತು ಅರ್ಧ ಗಂಟೆ ಆ ಯಂತ್ರದ ವಿಷಯ ಹೇಳಿದರು. ಆಮೇಲೆ ನಾನೇ ಮಗಳ ಸಹಾಯದಿಂದ ಓದಿದೆ, ಗೊತ್ತಾಗದ್ದನ್ನು ಅವರ ಹತ್ತಿರವೇ ಕೇಳಿದೆ. ನಿಮ್ಮ ಸಮಿತಿಗೆ ಈ ಭಾಗ ಜಾಸ್ತಿ ಬೇಕಾಗುತ್ತದೆ. ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಯಂತ್ರ ಸುಳ್ಳಲ್ಲ. ಮೊದಲು ಅದನ್ನು ಹೇಳಬೇಕು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥನಿ ಬಾರ್ಕರ್ ಮತ್ತು ಜೊತೆಗಾರರು ಇದನ್ನು ಮೊದಲು ತೋರಿಸಿದರು. ಸುರುಳಿಯಲ್ಲಿ ಕ್ಷಣ ಮಾತ್ರ ಜೋರಾದ ಕರೆಂಟ್ ಹರಿಸಿದರೆ ಅಯಸ್ಕಾಂತದ ಬಲ ಹುಟ್ಟುತ್ತದೆ, ಅದು ಚರ್ಮ, ಮೂಳೆ ದಾಟಿ ಒಳಗೆ ಹೋಗಿ ಮೆದುಳಿನ ಮೇಲ್ಪದರದಲ್ಲಿ ಚೂರು ಕರೆಂಟ್ ಹುಟ್ಟಿಸುತ್ತದೆ. ಕತ್ತಿ ಇಲ್ಲ, ಸೂಜಿ ಇಲ್ಲ. ಸೆಕೆಂಡಿಗೆ ಒಂದೋ ಅದಕ್ಕಿಂತ ನಿಧಾನವೋ ಬಡಿದರೆ ಆ ಜಾಗ ಸ್ವಲ್ಪ ತಣ್ಣಗಾಗುತ್ತದೆ. ವೇಗವಾಗಿ ಬಡಿದರೆ ಸಾಮಾನ್ಯವಾಗಿ ಕೆರಳುತ್ತದೆ. ಖಿನ್ನತೆಗೆ ಇದನ್ನು ಬಳಸಲು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಒಪ್ಪಿಗೆ ಕೊಟ್ಟಿತು. ಫಿಟ್ಸಿಗೆ ಹಾಗೆ ಒಪ್ಪಿಗೆ ಸಿಕ್ಕಿಲ್ಲ.

ಫಿಟ್ಸಿಗೆ ಪ್ರಯತ್ನ ನಡೆದಿಲ್ಲ ಅಂತಲ್ಲ. 2006ರಲ್ಲಿ 21 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು. ಅವರಿಗೆ ಮೆದುಳಿನ ಹೊರಪದರವೇ ಹುಟ್ಟಿನಿಂದ ಸರಿಯಾಗಿ ರೂಪುಗೊಂಡಿರಲಿಲ್ಲ. ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಬರೀ ಶಬ್ದ. ನಿಜವಾದದ್ದು ಸಿಕ್ಕವರಿಗೆ ಫಿಟ್ಸ್ ಕಡಿಮೆಯಾಯಿತು. ಮರುವರ್ಷ ಇಟಲಿಯಲ್ಲಿ 43 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಸುಳ್ಳು ಚಿಕಿತ್ಸೆಗೂ ನಿಜದ್ದಕ್ಕೂ ಫಿಟ್ಸಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ಪರೀಕ್ಷೆಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ ಇದೆ. ಇಇಜಿಯಲ್ಲಿ ಕಾಣುವ ಕೆಟ್ಟ ಅಲೆಗಳು ಈ ಚಿಕಿತ್ಸೆಯಿಂದ ಕಡಿಮೆಯಾಗುತ್ತವೆ, ಫಿಟ್ಸೇ ಕಡಿಮೆಯಾಗುತ್ತದೆ ಅನ್ನಲು ಸಾಕ್ಷಿ ಸಾಲದು ಎಂಬುದು ಅದರ ಮಾತು. ಡಾಕ್ಟರಮ್ಮ ನನಗೆ ಹೇಳಿದ್ದೂ ಅದೇ: "ಆಸೆ ಇಡಬಹುದು, ಇನ್ನೂ ಭರವಸೆ ಕೊಡಲು ಆಗುವುದಿಲ್ಲ."

ನನ್ನ ತಮ್ಮನ ಗಾಯ ಎಲ್ಲಿದೆ ಅಂತ ಮೇಲೆ ಬರೆದೆ, ನೆನಪಿದೆಯಾ? ಮೆದುಳಿನ ಆಳದಲ್ಲಿ. ಆ ಸುರುಳಿಯ ಬಲ ನೇರವಾಗಿ ತಲುಪುವುದು ತಲೆಯ ಮೇಲಿನಿಂದ ಎರಡು ಮೂರು ಸೆಂಟಿಮೀಟರ್ ಅಷ್ಟೇ. ಹಳೆಯ ಎಂಆರ್‌ಐ ಅವರು ಕೇಳಿ ನೋಡಿದ್ದರೆ ಈ ಮಾತು ಮೊದಲ ದಿನವೇ ಬರಬೇಕಿತ್ತು. 60,000 ಹೋಗಲಿ, ನಾವು ಯಾವುದನ್ನು ನಂಬಿ ಕೂತಿದ್ದೇವೆ ಅಂತಾದರೂ ಗೊತ್ತಾಗುತ್ತಿತ್ತು.

ಅಪಾಯವೂ ಒಂದಿಷ್ಟು ಇದೆ. ಫಿಟ್ಸ್ ಇರುವವರ ಮೇಲೆ ನಡೆದ ಅಧ್ಯಯನಗಳನ್ನು 2007ರಲ್ಲಿ ಸೇರಿಸಿ ನೋಡಿದಾಗ, 280 ಜನರಲ್ಲಿ 4 ಜನರಿಗೆ ಚಿಕಿತ್ಸೆಯ ಹೊತ್ತಿನಲ್ಲಿ ಫಿಟ್ಸ್ ಬಂದಿತ್ತು. ದೊಡ್ಡ ಸಂಖ್ಯೆ ಅಲ್ಲ. ಆದರೆ ಬಂದರೆ ನೋಡಿಕೊಳ್ಳುವವರು, ಔಷಧಿ, ಆಮ್ಲಜನಕ ಆ ಕೋಣೆಯಲ್ಲಿ ಇರಲೇಬೇಕು. ನಾವು ಹೋದ ಜಾಗದಲ್ಲಿ ಒಬ್ಬ ಹುಡುಗಿ, ಒಂದು ಕುರ್ಚಿ, ಒಂದು ಏಸಿ ಇತ್ತು. ತಲೆಯಲ್ಲಿ ಲೋಹದ ಕ್ಲಿಪ್ಪು, ಕಿವಿಯೊಳಗೆ ಅಳವಡಿಸಿದ ಯಂತ್ರ ಇರುವವರು ಆ ಸುರುಳಿಯ ಹತ್ತಿರವೂ ಹೋಗಬಾರದು. ಅದನ್ನೂ ನಮ್ಮನ್ನು ಯಾರೂ ಕೇಳಲಿಲ್ಲ.

ಇದರ ಜೊತೆಗೆ ಇನ್ನೂ ಎರಡು ಬಗೆ ಇವೆ, ನಾಳೆ ಅವುಗಳ ಮಳಿಗೆಯೂ ಬರಬಹುದು. ಒಂದರಲ್ಲಿ ಒದ್ದೆ ಸ್ಪಂಜು ಎರಡು ತಲೆಗೆ ಕಟ್ಟಿ ಒಂದೆರಡು ಮಿಲಿಆಂಪಿಯರ್ ಕರೆಂಟನ್ನು 20 ನಿಮಿಷದ ಆಸುಪಾಸು ಹರಿಸುತ್ತಾರೆ. ಇದನ್ನು ಮನೆಯಲ್ಲೇ ಮಾಡಿಕೊಳ್ಳಿ ಅಂತ ಆನ್‌ಲೈನಿನಲ್ಲಿ ಮಾರುತ್ತಾರೆ, ದಯವಿಟ್ಟು ಯಾರೂ ಕೊಳ್ಳಬೇಡಿ. ಇನ್ನೊಂದು ಕಿವಿಯಲ್ಲಿ ಇಡುವುದು. ವೇಗಸ್ ಎಂಬ ನರದ ಒಂದು ಕವಲು ಹೊರಕಿವಿಗೆ ಬರುತ್ತದೆ, ಅದಕ್ಕೆ ಸಣ್ಣ ಕರೆಂಟ್ ಕೊಡುತ್ತಾರೆ. ಅದೇ ನರಕ್ಕೆ ಕುತ್ತಿಗೆಯಲ್ಲಿ ಆಪರೇಷನ್ ಮಾಡಿ ತಂತಿ ಸುತ್ತಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡುವ ಚಿಕಿತ್ಸೆ 1997ರಿಂದ ಅಮೆರಿಕದಲ್ಲಿ ಒಪ್ಪಿತವಾಗಿದೆ. ಅದು ಬಹಳ ಜನರಿಗೆ ಫಿಟ್ಸ್ ಕಡಿಮೆ ಮಾಡಿದೆ, ಪೂರ್ತಿ ನಿಲ್ಲಿಸಿದ್ದು ಕೆಲವರಿಗೆ ಮಾತ್ರ. ಕಿವಿಯ ಯಂತ್ರಕ್ಕೆ ಯುರೋಪಿನಲ್ಲಿ 2010ರಲ್ಲಿ ಅನುಮತಿ ಸಿಕ್ಕಿದೆ, ಸಂಶೋಧನೆ ನಡೆಯುತ್ತಲೇ ಇದೆ. ಇವೆಲ್ಲವೂ ಮಾತ್ರೆಯ ಜೊತೆಗೆ ಕೊಡುವ ಚಿಕಿತ್ಸೆ. ಮಾತ್ರೆಯ ಬದಲಿಗೆ ಅಲ್ಲ. ಈ ಒಂದು ವಾಕ್ಯ ಯಾರಾದರೂ ನನಗೆ ಕನ್ನಡದಲ್ಲಿ ಹೇಳಿದ್ದರೆ ಆ ರಾತ್ರಿ ಬರುತ್ತಿರಲಿಲ್ಲ.

ನಾವು ಹೆದರಿ ಓಡಿ ಬಂದ ಆಪರೇಷನ್ನಿನ ಲೆಕ್ಕವನ್ನೂ ಆಮೇಲೆ ನೋಡಿದೆ. ದೆಹಲಿಯ ಏಮ್ಸ್‌ನಲ್ಲಿ ಮಾತ್ರೆಗೆ ಬಗ್ಗದ 116 ಮಕ್ಕಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆಪರೇಷನ್ ಆದವರಲ್ಲಿ 100ಕ್ಕೆ 77 ಮಕ್ಕಳು ಒಂದು ವರ್ಷದ ಹೊತ್ತಿಗೆ ಫಿಟ್ಸ್ ಇಲ್ಲದೆ ಇದ್ದರು, ಬರೀ ಮಾತ್ರೆಯಲ್ಲಿ ಇದ್ದವರಲ್ಲಿ 7. ಆಪರೇಷನ್ನಿಗೆ ತೊಂದರೆಗಳೂ ಇವೆ, ಕೆಲವು ಮಕ್ಕಳಿಗೆ ಆಮೇಲೆ ಕೈಕಾಲಿನ ಬಲ ಕಡಿಮೆಯಾದದ್ದೂ ಅದರಲ್ಲೇ ಬರೆದಿದೆ. ಎಲ್ಲರಿಗೂ ಆಗುವುದಿಲ್ಲ. ಆದರೆ ಆಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿಸಿಕೊಳ್ಳುವುದಕ್ಕೂ ನಾವು ಹೆದರಿದೆವು. ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಯಲ್ಲಿ 1995ರಿಂದ ಈ ಆಪರೇಷನ್ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಮ್ಮ ಭಾಷೆಯಲ್ಲೇ ಮಾತಾಡಬಹುದು. ಮುಂಬೈಯಲ್ಲೂ ದೊಡ್ಡ ಆಸ್ಪತ್ರೆಗಳಲ್ಲಿ ವ್ಯವಸ್ಥೆ ಇದೆ.

ಈಗ ದೂರಿಗೆ ಬರುತ್ತೇನೆ.

ಆ ಕೇಂದ್ರದ ಮೇಲೆ ಏನು ಮಾಡಬೇಕೋ ಅದನ್ನು ನಾವು ಬೇರೆ ದಾರಿಯಲ್ಲಿ ಮಾಡುತ್ತಿದ್ದೇವೆ, ಇಲ್ಲಿ ಅದರ ಹೆಸರು ಬೇಡ. ನಿಮ್ಮ ಮೇಲಿನ ನನ್ನ ದೂರು ಬೇರೆ. ಇಷ್ಟು ವರ್ಷದಲ್ಲಿ ನಮ್ಮ ಒಂದು ಶಿಬಿರದಲ್ಲೂ, ಒಂದು ಭಾಷಣದಲ್ಲೂ, ಒಂದು ಸ್ಮರಣ ಸಂಚಿಕೆಯಲ್ಲೂ ಫಿಟ್ಸ್ ಎಂಬ ಶಬ್ದವನ್ನು ನಾನು ಕೇಳಿಲ್ಲ, ಓದಿಲ್ಲ. ಅದರ ಬಗ್ಗೆ ಮೊದಲ ಸಲ ನಮ್ಮ ಸಭಾಂಗಣದಲ್ಲಿ ಬಾಯಿ ಬಿಟ್ಟವರು ಅದರ ಚಿಕಿತ್ಸೆ ಮಾರಲು ಬಂದವರು. ನಾವು ಇಷ್ಟು ಜನ ಇದ್ದೂ ಯಾರೊಬ್ಬರೂ ಮಾತಾಡದ ಕಾಯಿಲೆ ಇದು, ಹಾಗಿರುವಾಗ ಮಾತಾಡಿದ ಮೊದಲನೆಯವರನ್ನು ನಂಬದೆ ನನ್ನಂಥವಳು ಇನ್ಯಾರನ್ನು ನಂಬಬೇಕಿತ್ತು?

ಶಿಬಿರದ ದಿನ ನಾನು ಆ ಮಳಿಗೆಯ ಮುಂದೆ ನಿಂತಾಗ ಇನ್ನೂ ಮೂರು ಕುಟುಂಬದವರು ನಿಂತಿದ್ದರು. ಒಬ್ಬರು ನನ್ನ ಬಿಲ್ಡಿಂಗಿನವರೇ. ಹನ್ನೊಂದು ವರ್ಷದಿಂದ ಒಂದೇ ಮೆಟ್ಟಿಲು ಹತ್ತಿ ಇಳಿದಿದ್ದೇವೆ, ಅವರ ಮಗಳಿಗೆ ಫಿಟ್ಸ್ ಇದೆ ಅಂತ ನನಗೆ ಗೊತ್ತಿರಲಿಲ್ಲ, ನನ್ನ ತಮ್ಮನಿಗೆ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆ ತಗ್ಗಿಸಿದೆವು.

ಅವರು ಮುಚ್ಚಿಟ್ಟದ್ದು ಯಾಕೆ ಅಂತ ನಿಮಗೂ ಗೊತ್ತು. ಮಗಳ ಮದುವೆ. ಸಂಘದ ವಧು-ವರ ಸಮಾವೇಶದಲ್ಲಿ ಹೆಸರು ಕೊಡುವಾಗ ಈ ಮಾತು ಬಂದರೆ ಮುಗಿಯಿತು ಅಂತ ಎಲ್ಲರೂ ಹೆದರುತ್ತಾರೆ. ಕಾನೂನು ಎಂದೋ ಬದಲಾಗಿದೆ. ಹಿಂದೂ ವಿವಾಹ ಕಾಯ್ದೆಯಲ್ಲೂ ವಿಶೇಷ ವಿವಾಹ ಕಾಯ್ದೆಯಲ್ಲೂ ಅಪಸ್ಮಾರ ಇದ್ದವರ ಮದುವೆಗೆ ಇದ್ದ ತಡೆಯನ್ನು 1999ರಲ್ಲೇ ತೆಗೆದುಹಾಕಿದರು. ಅಪಸ್ಮಾರ ವಾಸಿಯಾಗದ ಕಾಯಿಲೆಯೂ ಅಲ್ಲ, ವಿಚ್ಛೇದನಕ್ಕೆ ಕಾರಣವೂ ಅಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ 2023ರಲ್ಲಿ ಹೇಳಿತು. ಇದನ್ನು ಸಮಾವೇಶದ ವೇದಿಕೆಯಲ್ಲಿ ಒಮ್ಮೆ ಓದಿ ಹೇಳಿ. ಹೇಳಿ ಮದುವೆಯಾಗುವ ಧೈರ್ಯ ಬಂದರೆ ಹುಡುಗಿಯರು ಗಂಡನ ಮನೆಯಲ್ಲಿ ಕದ್ದು ಮಾತ್ರೆ ನುಂಗುವುದು, ಸಿಕ್ಕಿಬೀಳುವ ಭಯಕ್ಕೆ ಮಾತ್ರೆ ಬಿಡುವುದು ನಿಲ್ಲುತ್ತದೆ. ಅದೂ ಅಲ್ಲದೆ, ವಾಲ್‌ಪ್ರೊಯೇಟ್‌ನಂಥ ಕೆಲವು ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ, ಮದುವೆಗೆ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ ಬದಲಾಯಿಸಿಕೊಳ್ಳಬೇಕು. ತಾನಾಗಿ ನಿಲ್ಲಿಸಬಾರದು. ಮುಚ್ಚಿಟ್ಟರೆ ಈ ಮಾತು ಆಡುವುದು ಯಾರ ಹತ್ತಿರ?

ಹೋಟೆಲ್ ಧಣಿಗಳು ನಿಮ್ಮ ಸಮಿತಿಗಳಲ್ಲೇ ಇದ್ದೀರಿ. ನಿಮಗೆ ಬೇರೆಯಾಗಿ ಕೈಮುಗಿದು ಕೇಳುತ್ತೇನೆ. ನಿದ್ದೆ ಕೆಡುವುದು ಫಿಟ್ಸನ್ನು ಎಬ್ಬಿಸುವ ಕಾರಣಗಳಲ್ಲಿ ದೊಡ್ಡದು. ಫಿಟ್ಸ್ ಇರುವ ಹುಡುಗನನ್ನು ಊರಿಗೆ ಕಳಿಸಬೇಡಿ. ಕಾವಲಿ, ಬಾಣಲೆ, ಗ್ರೈಂಡರಿನಿಂದ ದೂರ ಇಡಿ, ಗಲ್ಲಾದ ಹತ್ತಿರ ಕೂರಿಸಿ, ಸ್ಟೋರ್ ನೋಡಿಕೊಳ್ಳಲು ಹೇಳಿ, ಏಳು ಗಂಟೆ ನಿದ್ದೆ ಸಿಗುವ ಪಾಳಿ ಕೊಡಿ. ನನ್ನ ತಮ್ಮನಿಗೆ ಮಾಟುಂಗದಲ್ಲಿ ಒಬ್ಬ ಧಣಿಗಳು ಹಾಗೆ ಮಾಡಿದ್ದಾರೆ. ಒಂಬತ್ತು ವರ್ಷದಿಂದ ಅವನೇ ಅಲ್ಲಿ ಸಾಮಾನಿನ ಲೆಕ್ಕ ಬರೆಯುತ್ತಾನೆ, ಒಂದು ರೂಪಾಯಿ ವ್ಯತ್ಯಾಸ ಬಂದಿಲ್ಲ.

ಇನ್ನು ಮೊದಲ ಸಹಾಯದ ವಿಷಯ. ಎರಡು ವರ್ಷದ ಹಿಂದೆ ಕುರ್ಲಾ ದಾಟಿದ ಮೇಲೆ ಲೋಕಲ್ ಟ್ರೇನಿನಲ್ಲಿ ಅವನಿಗೆ ಫಿಟ್ಸ್ ಬಂತು. ಜನ ಒಳ್ಳೆಯವರು, ಆ ಗರ್ದಿಯಲ್ಲೂ ಜಾಗ ಮಾಡಿದರು. ಆದರೆ "ಮಿರ್ಗಿ, ಮಿರ್ಗಿ" ಅಂತ ಕೂಗಿ ಒಬ್ಬರು ಚಪ್ಪಲಿ ಮೂಸಿಸಿದರು, ಒಬ್ಬರು ಕೈಗೆ ಬೀಗದ ಕೈ ತುರುಕಿದರು, ಯಾರೋ ಡಬ್ಬಿಯ ಚಮಚ ತೆಗೆದು ಹಲ್ಲಿನ ನಡುವೆ ಒತ್ತಿದರು. ಮುಂದಿನ ಹಲ್ಲು ಅರ್ಧ ಮುರಿಯಿತು. ಕಬ್ಬಿಣ, ಈರುಳ್ಳಿ, ಚಪ್ಪಲಿ, ಯಾವುದೂ ಫಿಟ್ಸನ್ನು ನಿಲ್ಲಿಸುವುದಿಲ್ಲ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ತಾವೇ ನಿಲ್ಲುತ್ತವೆ, ಕೀಲಿಕೈ ಹಿಡಿದವರಿಗೆ ತಮ್ಮಿಂದಲೇ ನಿಂತಿತು ಅನ್ನಿಸುತ್ತದೆ. ಮಾಡಬೇಕಾದದ್ದು ಸುಲಭ. ತಲೆಗೆ ಪೆಟ್ಟಾಗದಂತೆ ಮೆತ್ತಗಿನದ್ದು ಏನಾದರೂ ಇಡಿ, ಕತ್ತಿನ ಬಟ್ಟೆ ಸಡಿಲಿಸಿ, ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಕೈಕಾಲು ಅದುಮಿ ಹಿಡಿಯಬೇಡಿ. 5 ನಿಮಿಷ ದಾಟಿದರೆ, ಪ್ರಜ್ಞೆ ಬಾರದೆ ಇನ್ನೊಂದು ಬಂದರೆ, ನೀರಿನಲ್ಲಿ ಬಂದಿದ್ದರೆ, ಗರ್ಭಿಣಿಯಾಗಿದ್ದರೆ 108. ಪ್ರಜ್ಞೆ ಬರುವವರೆಗೆ ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತಿರಿ.

ಇದನ್ನು ಮಾಡಿ ತೋರಿಸಲು ಹತ್ತು ನಿಮಿಷ ಸಾಕು. ವಾರ್ಷಿಕೋತ್ಸವದಲ್ಲಿ ಬಹುಮಾನ ವಿತರಣೆಗೂ ಯಕ್ಷಗಾನಕ್ಕೂ ನಡುವೆ ಆ ಹತ್ತು ನಿಮಿಷ ಕೊಡಿ ಅಂತ ಕೇಳುತ್ತೇನೆ.

ಶಿಬಿರದ ಮಳಿಗೆಯ ಬಗ್ಗೆ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಜನವರಿಯಲ್ಲಿ ಮತ್ತೆ ಶಿಬಿರ ಇದೆ. ಯಾರಾದರೂ ಚಿಕಿತ್ಸೆ ಅಂತ ಬಂದರೆ ಸಮಿತಿಯವರು ಮೊದಲು ಕೂರಿಸಿ ಕೇಳಿ: ನಿಮ್ಮಲ್ಲಿ ನರರೋಗದ ಡಾಕ್ಟರು ಯಾರು, ಅವರು ರೋಗಿಯನ್ನು ಖುದ್ದಾಗಿ ನೋಡುತ್ತಾರಾ? ಹಳೆಯ ಮಾತ್ರೆ ಬರೆದ ಡಾಕ್ಟರ ಹತ್ತಿರ ಮಾತಾಡುತ್ತೀರಾ? ಇದು ಒಪ್ಪಿತ ಚಿಕಿತ್ಸೆಯೋ, ಸಂಶೋಧನೆಯೋ? ಸಂಶೋಧನೆ ಆದರೆ ರೋಗಿಯಿಂದ ದುಡ್ಡು ಯಾಕೆ, ಯಾವ ನೀತಿ ಸಮಿತಿ (ಎಥಿಕ್ಸ್ ಕಮಿಟಿ) ಅನುಮತಿ ಕೊಟ್ಟಿದೆ, ಕಾಗದ ತೋರಿಸಿ. ಉತ್ತರ ಬರೆದು ಕೊಡದವರಿಗೆ ಮಳಿಗೆ ಬೇಡ. "ಮಾತ್ರೆ ನಿಲ್ಲಿಸಿ" ಎಂಬ ಮಾತು ಬ್ಯಾನರಿನಲ್ಲಿ ಇದ್ದರೆ ಬಾಗಿಲಿನಿಂದಲೇ ವಾಪಸ್ ಕಳಿಸಿ. ಮಳಿಗೆಯ ಬಾಡಿಗೆಯಿಂದ ಸಂಘಕ್ಕೆ ನಾಲ್ಕು ಕಾಸು ಬರುತ್ತದೆ ಅಂತ ನನಗೆ ಗೊತ್ತು. ಅಷ್ಟು ಕೊರತೆ ಬಿದ್ದರೆ ನಾವು ಸದಸ್ಯರು ತುಂಬಿಕೊಡುತ್ತೇವೆ.

ಅದಕ್ಕೂ ಮುಂಚೆ ಒಂದು ಕೆಲಸ ಈ ವಾರವೇ ಆಗಬೇಕು. ಜನವರಿಯಲ್ಲಿ ಗುಂಪಿನಲ್ಲಿ ಬಂದ ಆ ಕಾಗದ ಇನ್ನೂ ಅಲ್ಲೇ ಇದೆ, ಮೊನ್ನೆ ಯಾರೋ ಅದನ್ನೇ ಮತ್ತೆ ಪುಣೆಯ ಗುಂಪಿಗೆ ಕಳಿಸಿದ್ದಾರೆ. ಅದು ಸಂಘದ ಶಿಫಾರಸು ಅಲ್ಲ, ಡಾಕ್ಟರನ್ನು ಕೇಳದೆ ಯಾರೂ ಫಿಟ್ಸಿನ ಮಾತ್ರೆ ಕಡಿಮೆ ಮಾಡಬೇಡಿ ಅಂತ ಎರಡು ಸಾಲು ಅಧ್ಯಕ್ಷರ ಹೆಸರಿನಲ್ಲಿ ಹಾಕಿ. ಅಂದು ಮಳಿಗೆಯ ಮುಂದೆ ನಿಂತಿದ್ದ ಉಳಿದ ಎರಡು ಕುಟುಂಬ ಯಾರು ಅಂತ ನನಗೆ ಗೊತ್ತಿಲ್ಲ. ಅವರು ಈಗ ಹೇಗಿದ್ದಾರೋ. ಹೆಸರು ಬರೆಸಿಕೊಂಡ ಪುಸ್ತಕ ಸಂಘದ ಆಫೀಸಿನಲ್ಲಿ ಇದೆ, ದಯವಿಟ್ಟು ಅದನ್ನು ತೆಗೆದು ಅವರಿಗೆ ಒಂದು ಫೋನ್ ಮಾಡಿ.

ತಮ್ಮ ಮತ್ತೆ ಎರಡೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಮುಂದಿನ ತಿಂಗಳು ವಿಡಿಯೊ ಇಇಜಿಗೆ ಆಸ್ಪತ್ರೆಯಲ್ಲಿ ದಾಖಲಾಗುತ್ತಾನೆ. ಅಲ್ಲಿ ಅವರೇ ಮಾತ್ರೆ ಕಡಿಮೆ ಮಾಡಿ, ಹಗಲೂ ರಾತ್ರಿ ಕ್ಯಾಮೆರಾ ಇಟ್ಟು, ಪಕ್ಕದಲ್ಲಿ ನರ್ಸ್ ಇಟ್ಟುಕೊಂಡು ಫಿಟ್ಸ್ ಎಲ್ಲಿಂದ ಶುರುವಾಗುತ್ತದೆ ಅಂತ ನೋಡುತ್ತಾರೆ. ಆಪರೇಷನ್ ಆಗುತ್ತದೋ ಇಲ್ಲವೋ ಆಮೇಲೆ ತಿಳಿಯುತ್ತದೆ. ಈ ಪತ್ರವನ್ನು ಅವನಿಗೆ ಓದಿ ಹೇಳಿದೆ. ಜನವರಿಯ ಶಿಬಿರದಲ್ಲಿ ಮೈಕ್ ಕೊಟ್ಟರೆ ತಾನೇ ಮಾತಾಡುತ್ತೇನೆ ಅಂದಿದ್ದಾನೆ. ಪಕ್ಕಕ್ಕೆ ಮಲಗಿಸುವುದು ಹೇಗೆ ಅಂತ ತೋರಿಸಲು ನೆಲದ ಮೇಲೆ ಮಲಗಲೂ ತಯಾರಿದ್ದಾನೆ. ನಮ್ಮ ಬಿಲ್ಡಿಂಗಿನ ಆ ಅಮ್ಮ ಮಗಳೂ ಬರುತ್ತೇವೆ ಅಂದಿದ್ದಾರೆ. ಒಂದು ಚಾಪೆ, ಹತ್ತು ನಿಮಿಷ ಬೇಕು. ಯಾವ ಹೊತ್ತಿಗೆ ಅಂತ ಕಾರ್ಯದರ್ಶಿಗಳು ತಿಳಿಸಬೇಕು.

ಇತಿ,
ಸಂಘದ ಒಬ್ಬ ಸದಸ್ಯೆ
ಡೊಂಬಿವಲಿ ಪೂರ್ವ